ಇಪಿ ಒಳಗ ವಿಶ್ವಸಂಸ್ಥೆ ಒಪ್ಪಂದ: ಏಳು ವರ್ಷ ಬಡಿದಾಡಿ ಗೆದ್ದ ನನ್ನ ಅನುಭವ

ಹೋದ ವರ್ಷ ನವೆಂಬರ್‌ನಾಗ ನಮ್ಮ ತಾಲೂಕು ಕೋರ್ಟ್‌ನಾಗ ಒಂದು ಇಪಿ (ಡಿಕ್ರಿ, ಅಂದ್ರ ಕೋರ್ಟಿನ ತೀರ್ಪು, ಜಾರಿ ಮಾಡಿಸೋ ಅರ್ಜಿ) ಒಳಗ ಸಾಲಗಾರನ ಮ್ಯಾಲಿನ ಅರೆಸ್ಟ್ ವಾರಂಟ್ ಅರ್ಜಿ ವಜಾ ಆತು. ಆರ್ಡರ್‌ನಾಗ ಎರಡು ಪ್ಯಾರಾ ಪೂರ್ತಿ ಐಸಿಸಿಪಿಆರ್, ಅಂದ್ರ ನಾಗರಿಕ ಮತ್ತು ರಾಜಕೀಯ ಹಕ್ಕುಗಳ ವಿಶ್ವಸಂಸ್ಥೆ ಒಪ್ಪಂದ, ಅದರ 11ನೇ ಆರ್ಟಿಕಲ್ ಬಗ್ಗೇನ ಐತಿ. ಕೊಪ್ಪಳ ಜಿಲ್ಲಾದಾಗ ನಾನು ಪ್ರಾಕ್ಟೀಸ್ ಹಿಡಿದು ಹತ್ತೊಂಬತ್ತು ವರ್ಷ ಆತು, ಪ್ರೋನೋಟಿನ (ಸಾಲ ಪತ್ರದ) ಇಪಿ ಒಳಗ ಅಂತಾರಾಷ್ಟ್ರೀಯ ಒಪ್ಪಂದದ ಹೆಸರು ಬಂದ ಆರ್ಡರ್ ನಾ ನೋಡಿದ್ದು ಇದ ಮೊದಲು. "ಲೇ ತಮ್ಮಾ, ಜಿನೀವಾದ ಕಾಗದ ನಮ್ಮ ಸಂತ್ಯಾಗ ನಡಿತೈತೇನೋ" ಅಂತ ಬಾರ್ ರೂಮ್‌ನಾಗ ಅಂದಿದ್ದ ಸೀನಿಯರ್ರ ಈಗ ಸರ್ಟಿಫೈಡ್ ಕಾಪಿ ಕೇಳಾಕತ್ಯಾರ, ಹಂಗಾಗಿ ಎಲ್ಲಾರಿಗೂ ಒಮ್ಮೆಲೆ ಬರದು ಹಾಕೀನಿ. ಸಾಲಗಾರನ್ನ ಸಿವಿಲ್ ಜೈಲಿಗೆ ಕಳಿಸೋ ಬಗ್ಗೆ ಸಿವಿಲ್ ಪ್ರಕ್ರಿಯಾ ಸಂಹಿತೆ (ಸಿಪಿಸಿ) ಸೆಕ್ಷನ್ 51, ಆರ್ಡರ್ 21 ರೂಲ್ 37, 40 ಇವೆಲ್ಲ ನಿಮಗ ಗೊತ್ತಿರೂವ, ಅದನ್ನ ಹೇಳಾಕ ಹೋಗಂಗಿಲ್ಲ.

ಮೊದಲು ಸೋತದ್ದು ಹೇಳ್ತೀನಿ. 2018ರಾಗ ಒಬ್ಬ ಟೇಲರ್ ಬಂದಿದ್ದ, ಫೈನಾನ್ಸಿನವರ ಡಿಕ್ರಿ, ಸುಮಾರು ಎಂಬತ್ತು ಸಾವಿರ. ನಾನು ಹನ್ನೊಂದು ಪುಟದ ಆಬ್ಜೆಕ್ಷನ್ ಹಾಕಿದೆ, ಅದರಾಗ ಎಂಟು ಪುಟ ವಿಶ್ವಸಂಸ್ಥೆದ್ದ. 1966 ಡಿಸೆಂಬರ್ 16ಕ್ಕ ಒಪ್ಪಂದ ಆತು, 1976ರಾಗ ಜಾರಿಗೆ ಬಂತು, ಭಾರತ 1979 ಏಪ್ರಿಲ್ 10ಕ್ಕ ಸೇರ್ಕೊಂಡ್ತು, ಕೊಟ್ಟ ಮಾತಿನಂಗ ಸಾಲ ತೀರಿಸಾಕ ಆಗಲಿಲ್ಲ ಅನ್ನೋ ಒಂದೇ ಕಾರಣಕ್ಕ ಯಾರನ್ನೂ ಜೈಲಿಗೆ ಹಾಕಬಾರದು ಅಂತ 11ನೇ ಆರ್ಟಿಕಲ್ ಹೇಳ್ತೈತಿ, ಎಲ್ಲಾ ಬರದಿದ್ದೆ. ಜಡ್ಜ್ ಸಾಹೇಬ್ರು ಒಂದೇ ಪ್ರಶ್ನೆ ಕೇಳಿದ್ರು, "ಸಂವಿಧಾನದ 253ರ ಕೆಳಗ ಪಾರ್ಲಿಮೆಂಟು ಇದಕ್ಕ ಕಾಯ್ದೆ ಮಾಡೈತೇನ್ರಿ ವಕೀಲ್ರ?" ನನ್ನ ಹತ್ರ ಉತ್ತರ ಇರಲಿಲ್ಲ. ಟೇಲರ್ ಸಿವಿಲ್ ಜೈಲಿಗೆ ಹೋದ, ಇಪ್ಪತ್ತೆರಡು ದಿನಕ್ಕ ಅವನ ಅಣ್ಣ ಮನಿ ಒತ್ತಿ ಇಟ್ಟು ಬಿಡಿಸ್ಕೊಂಡು ಬಂದ. ಫೀ ಅಂತ ಆತ ಕೊಟ್ಟಿದ್ದ ಎರಡು ಸಾವಿರ ನಾನು ವಾಪಸ್ ಕೊಟ್ಟೆ. ಆ ಅಣ್ಣನ ಮುಖ ಇವತ್ತಿಗೂ ಕಣ್ಣಮುಂದ ಐತಿ.

ಎರಡನೇ ಸಲ 2021, ಕೊರೊನಾ ಆದಮ್ಯಾಲೆ. ಈ ಸಲ ಜಾಲಿ ಜಾರ್ಜ್ ವರ್ಗೀಸ್ ವಿರುದ್ಧ ಬ್ಯಾಂಕ್ ಆಫ್ ಕೊಚ್ಚಿನ್ ಹಿಡ್ಕೊಂಡು ಹೋದೆ, ಸುಪ್ರೀಂ ಕೋರ್ಟಿನ ತೀರ್ಪು, ಎಐಆರ್ 1980 ಎಸ್‌ಸಿ 470, ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಅವರದು. ಆದ್ರ ತಪ್ಪು ಎಲ್ಲಿ ಮಾಡಿದೆ ಅಂದ್ರ ಒಪ್ಪಂದದ ಪ್ರಿಂಟೌಟ್‌ನ ಸಾಕ್ಷಿ ಡಾಕ್ಯುಮೆಂಟ್ ಅಂತ ಮಾರ್ಕ್ ಮಾಡಿಸಾಕ ಹೋದೆ. ಬೆಂಗಳೂರಿನ ಒಬ್ಬರ ಕಡೆ ಕನ್ನಡ ಅನುವಾದ ಮಾಡಿಸಿದ್ದೆ, ಆರೇಳು ಸಾವಿರ ಕೈಯಿಂದನ ಹೋತು. ಎದುರು ವಕೀಲ್ರು ಎದ್ದು ನಿಂತು ಇದನ್ನ ಬರದವರು ಯಾರು, ಕಂಪ್ಯೂಟರ್ ಪ್ರಿಂಟಿಗೆ ಬೇಕಾದ 65ಬಿ ಸರ್ಟಿಫಿಕೇಟ್ ಎಲ್ಲಿ ಅಂದ್ರು, ಅಲ್ಲಿಗೇ ಮುಗೀತು. ಕಂತಿನ ಮ್ಯಾಲೆ ರಾಜಿ ಮಾಡಿಸಿ ಹೆಂಗೋ ಕಕ್ಷಿದಾರನ್ನ ಉಳಿಸ್ಕೊಂಡೆ, ಆದ್ರ ಅದು ಗೆಲುವಲ್ಲ.

ಆಮ್ಯಾಲೆ ಒಂದು ತಿಂಗಳು ದಿನಾ ರಾತ್ರಿ ಜಾಲಿ ಜಾರ್ಜ್ ತೀರ್ಪನ್ನ ಸಾಲು ಸಾಲು ಓದಿದೆ. ನಾವು ಅದನ್ನ ಹೆಡ್‌ನೋಟ್ ಮಟ್ಟಿಗೆ ಓದಿ ಬಿಡ್ತೀವಿ. ಒಪ್ಪಂದಕ್ಕ ಸಹಿ ಬಿದ್ದ ಕೂಡ್ಲೆ ಅದು ತಾನಾಗೆ ನಮ್ಮ ದೇಶದ ಕಾಯ್ದೆ ಆಗಂಗಿಲ್ಲ ಅಂತ ಅದ ತೀರ್ಪಿನಾಗ ಸ್ಪಷ್ಟ ಐತಿ! ಅಂದ್ರ 2018ರಾಗ ಸಾಹೇಬ್ರು ಕೇಳಿದ್ದು ಸರಿ ಇತ್ತು. ಹಂಗಾದ್ರ ಆ ಕೇಸ್ ಗೆದ್ದಿದ್ದು ಹೆಂಗ? ಸೆಕ್ಷನ್ 51ರ ಪ್ರಾವಿಸೋನ (ಷರತ್ತಿನ ಭಾಗನ) ಒಪ್ಪಂದಕ್ಕ ಹೊಂದೋ ಹಂಗ ಓದಿ. ಬರೇ ಕೊಟ್ಟಿಲ್ಲ ಅಂದ್ರ ಸಾಲದು, ಕೊಡೋ ತಾಕತ್ತು ಇದ್ದೂ ಕೊಡದ ಕೆಟ್ಟ ಬುದ್ಧಿ ಕಾಣಬೇಕು ಅಂತ. ದೇಶ ಹೊರಗ ಕೊಟ್ಟ ಮಾತು ಒಳಗಿನ ಕಾಯ್ದೆಗೆ ಬೆಳಕು ಹಿಡಿತೈತಿ, ಕಾಯ್ದೆ ಜಾಗಾದಾಗ ತಾನ ಬಂದು ಕೂಡಂಗಿಲ್ಲ. ನಾನು ಎರಡು ಸಲನೂ ಕೋರ್ಟಿಗೆ "ವಿಶ್ವಸಂಸ್ಥೆ ಮಾತು ಕೇಳ್ರಿ" ಅಂದಿದ್ದೆ. ಕೇಳಬೇಕಾಗಿದ್ದು "ನಮ್ಮ ಸೆಕ್ಷನ್‌ನ ಸರಿಯಾಗಿ ಓದ್ರಿ" ಅಂತ.

ನಡುವ ಎರಡು ಪ್ರಯೋಗ ಮಾಡಿ ಕೈ ಸುಟ್ಕೊಂಡೆ, ಅದೂ ಹೇಳಿಬಿಡ್ತೀನಿ. ಒಂದು, ಟೇಲರ್ ಕೇಸ್ ಇಟ್ಕೊಂಡು ಜಿನೀವಾದ ಮಾನವ ಹಕ್ಕುಗಳ ಸಮಿತಿಗೇ ದೂರು ಕೊಡೂಣು ಅಂತ ಹದಿನೈದು ದಿನ ಕೂತು ಡ್ರಾಫ್ಟ್ ಮಾಡಿದೆ. ಹೈಕೋರ್ಟಿನ ಧಾರವಾಡ ಬೆಂಚಿಗೆ ಹೋದಾಗ ಅಲ್ಲಿನ ಗೆಳೆಯ ಒಂದೇ ಮಾತಿನಾಗ ನಿಲ್ಲಿಸಿದ, ವ್ಯಕ್ತಿಗಳು ನೇರ ದೂರು ಕೊಡಬೇಕಂದ್ರ ದೇಶ ಮೊದಲನೇ ಐಚ್ಛಿಕ ಪ್ರೋಟೋಕಾಲ್ ಒಪ್ಪಿರಬೇಕು, ಭಾರತ ಒಪ್ಪಿಲ್ಲ. ಇನ್ನೊಂದು ಸಿಂಧನೂರು ಕಡೆ ಆರ್‌ಎಚ್ ಕ್ಯಾಂಪಿನ (ನಿರಾಶ್ರಿತರ ಪುನರ್ವಸತಿ ಕ್ಯಾಂಪಿನ) ಒಬ್ಬ ಹುಡುಗನ ಸರ್ಟಿಫಿಕೇಟ್ ವಿಷಯ, ಅವರ ಅಜ್ಜ ಪೂರ್ವ ಪಾಕಿಸ್ತಾನದಿಂದ ಬಂದವರು. ನಾನು 1951ರ ನಿರಾಶ್ರಿತರ ಒಪ್ಪಂದ ಎತ್ತಿದೆ. ಅದಕ್ಕ ಭಾರತ ಸಹಿನ ಹಾಕಿಲ್ಲ, ನನ್ನ ಅರ್ಜಿ ಎರಡು ನಿಮಿಷಕ್ಕ ಬಿತ್ತು. ಆವಾಗಿಂದ ನನ್ನ ಡೈರಿ ಹಿಂದಿನ ಪುಟದಾಗ ಒಂದು ಪಟ್ಟಿ ಮಾಡಿಟ್ಟೀನಿ, ಭಾರತ ಯಾವುದಕ್ಕ ಸೇರೈತಿ, ಯಾವುದಕ್ಕ ಇಲ್ಲ, ಸೇರಿದ್ದಕ್ಕ ಏನೇನು ಷರತ್ತು ಹಾಕೈತಿ ಅಂತ. ಐಸಿಸಿಪಿಆರ್‌ಗೂ ಭಾರತ ಕೆಲವು ಆರ್ಟಿಕಲ್‌ಗಳಿಗೆ ಘೋಷಣೆ ಬರದು ಕೊಟ್ಟೈತಿ, ಉದಾಹರಣೆಗೆ 1 ಮತ್ತು 9. 11ಕ್ಕ ಮಾತ್ರ ಏನೂ ಹಚ್ಚಿಲ್ಲ, ಇದನ್ನ ವಾದದಾಗ ಹೇಳಿದ್ರ ತೂಕ ಬರ್ತೈತಿ.

ಈಗ ಗೆದ್ದ ಕೇಸ್. ರೈತ, ಸ್ವಂತದ್ದು ಎರಡು ಎಕರೆ, ಲೀಜಿಂದು ನಾಲ್ಕು. ಗೊಬ್ಬರ, ಎಣ್ಣಿ (ಕೀಟನಾಶಕ) ಅಂಗಡಿ ಉದ್ರಿ ಪ್ರೋನೋಟಾಗಿ, ಬಡ್ಡಿ ಸೇರಿ ಡಿಕ್ರಿ ಮೂರು ಲಕ್ಷದ ಮ್ಯಾಲೆ. 2023ರಾಗ ಮಳಿ ಕೈಕೊಟ್ತು, ಎರಡನೇ ಬೆಳಿಗೆ ಕಾಲುವೆ ನೀರೂ ಬರಲಿಲ್ಲ. ಇಪಿ ಹಾಕಿದ್ದು 2024ರ ಕಡಿಗೆ. ಆತ ನನ್ನ ಆಫೀಸಿಗೆ ಬಂದಾಗ ಪಹಣಿ, ಹೆಂಡ್ತಿ ಬೆಂಡೋಲಿ ಅಡ ಇಟ್ಟ ರಸೀದಿ ಎರಡನ್ನೂ ಖಾಲಿ ಭತ್ತದ ಬೀಜದ ಪಾಕೀಟಿನಾಗ ಮಡಚಿ ಇಟ್ಕೊಂಡಿದ್ದ. ಬೇಲಿಫ್ (ಕೋರ್ಟ್ ಅಮೀನ) ಬರ್ತಾನಂತ ಎಂಟು ದಿನ ಮನ್ಯಾಗ ಮಲಗಿರಲಿಲ್ಲ, ಕ್ಯಾನಾಲ್ ದಂಡಿ ಮ್ಯಾಲಿನ ಪಂಪ್‌ಸೆಟ್ ಮನ್ಯಾಗ ಮಲಗ್ತಿದ್ದ.

ನಾನು ಆಬ್ಜೆಕ್ಷನ್ ತಿರುವಿ ಹಾಕಿದೆ. ಐದು ಪುಟ, ಅದರಾಗ ನಾಲ್ಕು ಪುಟ ಬರೇ ಲೆಕ್ಕ. ಪಹಣಿ, ಅಡವಿನ ರಸೀದಿ, ಬ್ಯಾಂಕ್ ಪಾಸ್‌ಬುಕ್, ಲೀಜ್ ಕೊಟ್ಟವರ ಅಫಿಡವಿಟ್. 2023ರಾಗ ರಾಜ್ಯದ 236 ತಾಲೂಕಿನಾಗ 223 ಬರ ಅಂತ ಸರ್ಕಾರನ ಘೋಷಣೆ ಮಾಡಿತ್ತಲ್ಲ, ಆ ಆದೇಶನೂ ಹಚ್ಚಿದೆ, ಕೊಡಾಕ ಆಗದ್ದಕ್ಕೂ ಕೊಡಲ್ಲ ಅನ್ನೋದಕ್ಕೂ ನಡುವಿನ ಗೆರಿ ಅದು. ಒಪ್ಪಂದ ಕಡೀ ಪುಟದಾಗ, ಹತ್ತು ಹನ್ನೆರಡು ಸಾಲು, ಜಾಲಿ ಜಾರ್ಜ್ ಹಿಂದ. ಪಾರ್ಲಿಮೆಂಟ್ ಕಾಯ್ದೆ ಎಲ್ಲಿ ಅನ್ನೋ ಪ್ರಶ್ನೆಗೆ ಈ ಸಲ ಉತ್ತರ ಇತ್ತು. 1993ರ ಮಾನವ ಹಕ್ಕುಗಳ ಸಂರಕ್ಷಣಾ ಕಾಯ್ದೆ ಸೆಕ್ಷನ್ 2 ತಗದು ನೋಡ್ರಿ, ಐಸಿಸಿಪಿಆರ್ ಹೆಸರು ನಮ್ಮ ಕಾಯ್ದಿ ಒಳಗ ಐತಿ. ಅದರ ಜೋಡಿ ಸಂವಿಧಾನದ 51(ಸಿ), ಅಂತಾರಾಷ್ಟ್ರೀಯ ಒಪ್ಪಂದಕ್ಕ ಗೌರವ ಬೆಳೆಸಬೇಕು ಅನ್ನೋದು.

ಪ್ರಿಂಟೌಟ್ ತಕರಾರು ಮತ್ತ ಬಂತು. ಆದ್ರ 2024 ಜುಲೈ 1ರಿಂದ ಭಾರತೀಯ ಸಾಕ್ಷ್ಯ ಅಧಿನಿಯಮ ಬಂದೈತಲ್ರಿ, ಅದರ ಸೆಕ್ಷನ್ 52ರಾಗ ಭಾರತ ಮಾಡ್ಕೊಂಡ ಅಂತಾರಾಷ್ಟ್ರೀಯ ಒಪ್ಪಂದನ ಕೋರ್ಟು ತಾನ ಗಮನಕ್ಕ ತಗೋಬೇಕು ಅಂತ ಸೇರಿಸ್ಯಾರ, ಮಾರ್ಕ್ ಮಾಡಿಸೋ ಮಾತ ಇಲ್ಲ. ಹಳೇ ಇಪಿಗೆ ಇದು ನಡ್ಯಂಗಿಲ್ಲ, ಇಪಿ ಯಾವಾಗ ಹಾಕ್ಯಾರ ನೋಡ್ಕೋರಿ. ಇದನ್ನ ಓದಿ ಹೇಳಿದಾಗ ಎದುರು ವಕೀಲ್ರು ಬುಕ್ ಇಸ್ಕೊಂಡು ತಾವ ಓದಿ ಕೂತ್ರು. ನಮ್ಮ ಬಾರ್‌ನಾಗ ಆ ಸೆಕ್ಷನ್ ಮೊದಲು ಬಳಸಿದವ ನಾನ ಅಂತ ಹೇಳಾಕ ನನಗ ಸಂಕೋಚ ಇಲ್ಲ.

ಕೇಸ್ ತಿರುಗಿದ್ದು ಮಾತ್ರ ಡಿಕ್ರಿದಾರನ (ಸಾಲ ಬರಬೇಕಾದವನ) ಕ್ರಾಸ್‌ನಾಗ, ಅಂದ್ರ ಪಾಟಿ ಸವಾಲಿನಾಗ. ತಾಕತ್ತು ಐತಿ ಅಂತ ಸಾಬೀತು ಮಾಡೋ ಭಾರ ಡಿಕ್ರಿದಾರನ ಮ್ಯಾಲೆ. ನಾ ಕೇಳಿದ್ದು ಬರೇ ಮೂರು ಪ್ರಶ್ನೆ. ಮೊದಲಿಂದು ರೈತನ ಹೊಲ ನೋಡೀರೇನು ಅಂತ, ಎರಡನೇದು ಡಿಕ್ರಿ ಆದಮ್ಯಾಲೆ ಆತನಿಗೆ ರೊಕ್ಕ ಬಂದಿದ್ದು ಎಲ್ಲಿಂದ ಅಂತ. ಮೂರನೇದು ಇಲ್ಲಿ ಬರಿಯಂಗಿಲ್ಲ, ಇನ್ನೂ ನಾಲ್ಕು ಇಪಿ ನನ್ನ ಹತ್ರ ಅದಾವ, ಅವು ಮುಗೀಲಿ.

ಖರ್ಚು ಕೇಳ್ತೀರಿ ಅಂತ ಗೊತ್ತು. ಜೆರಾಕ್ಸ್, ಸರ್ಟಿಫೈಡ್ ಕಾಪಿ, ಅಫಿಡವಿಟ್ ಎಲ್ಲಾ ಸೇರಿ ಎರಡೂವರಿ ಸಾವಿರ ಒಳಗ. ಫೀ ಹದಿನೈದು ಮಾತಾಡಿದ್ದೆ, ಒಂಬತ್ತು ಬಂದೈತಿ, ಮ್ಯಾಲೆ ಒಂದು ಚೀಲ ಸೋನಾಮಸೂರಿ. ಸೋತ ವರ್ಷಗಳ ಖರ್ಚು ಲೆಕ್ಕ ಹಾಕಿದ್ರ ಮೂವತ್ತು ಸಾವಿರ ದಾಟ್ತೈತಿ, ಅದು ನನ್ನ ಓದಿನ ಫೀ ಅಂತ ತಿಳ್ಕೊಂಡೀನಿ.

ಕಕ್ಷಿದಾರ್ರಿಗೆ ಒಂದು ಮಾತು ಮೊದಲ ಹೇಳ್ರಿ, ಸಾಲ ಮಾಫಿ ಆಗಿಲ್ಲ, ಆಸ್ತಿ ಅಟ್ಯಾಚ್‌ಮೆಂಟಿಗೆ ಅವರು ಮತ್ತ ಬರಬಹುದು. ದುಡ್ಡಿದ್ದೂ ಬಚ್ಚಿಟ್ಟವರ ಕೇಸಿಗೆ ಇದನ್ನ ನಾ ಹಾಕಂಗಿಲ್ಲ, ಇಬ್ಬರನ್ನ ವಾಪಸ್ ಕಳಿಸೀನಿ, ಅಂಥಾ ಒಂದು ಕೇಸ್ ಹಾಕಿದ್ರ ಮುಂದಿನ ಹತ್ತು ಬಡವರಿಗೆ ಬಾಗಿಲು ಮುಚ್ಚತೈತಿ. ನಮ್ಮ ರೈತ ಅಂಗಡಿಯವರ ಜೋಡಿ ಕೂತು ಸುಗ್ಗಿಗೊಮ್ಮೆ ನಲವತ್ತು ಸಾವಿರದಂಗ ಕೊಡ್ತೀನಿ ಅಂತ ಬರದು ಕೊಟ್ಟಾನ. ಮೊದಲನೇ ಕಂತು ಕಟ್ಟಿದ ರಸೀದಿ ಮೊನ್ನೆ ತಂದು ತೋರಿಸಿದ, ಅದ ಬೀಜದ ಪಾಕೀಟಿನಾಗ ಇಟ್ಟಿದ್ದ.