ಆರೋಗ್ಯ ಕೇಂದ್ರದಲ್ಲಿ ಔಷಧಿ ಇದೆಯೇ? ಎಣಿಸಿ ನೋಡುವ ಬಗೆ

ವಿಶ್ವ ಆರೋಗ್ಯ ಸಂಸ್ಥೆ ಅಗತ್ಯ ಔಷಧಿಗಳ ಮೊದಲ ಪಟ್ಟಿ ಹೊರಡಿಸಿದ್ದು 1977ರಲ್ಲಿ. ನಮ್ಮ ದೇಶದ 2022ರ ಪಟ್ಟಿಯಲ್ಲಿ 384 ಔಷಧಿಗಳಿವೆ. ಅವುಗಳಲ್ಲಿ ದೇವದುರ್ಗ, ಮಾನ್ವಿ, ಸಿಂಧನೂರು ಕಡೆಯ ಪ್ರಾಥಮಿಕ ಆರೋಗ್ಯ ಕೇಂದ್ರದ ಕಪಾಟಿಗೆ ಎಷ್ಟು ಬಂದಿವೆ ಎಂಬುದು ಎಣಿಸದೆ ಗೊತ್ತಾಗದು. ಗ್ರಾಮ ಆರೋಗ್ಯ ಸಮಿತಿಯ ಇಬ್ಬರು ಸೇರಿದರೆ ಇದು ಅರ್ಧ ದಿನದ ಕೆಲಸ.

ಹದಿನೈದು ಔಷಧಿ ಸಾಕು. ಆ ಹಂತದ ಕೇಂದ್ರಕ್ಕೆ ಸರ್ಕಾರವೇ ಕೊಡಬೇಕಾದವನ್ನಷ್ಟೇ ಆರಿಸಿ. ಜಿಲ್ಲಾಸ್ಪತ್ರೆಯ ಔಷಧಿ ಹುಡುಕಿ 'ಇಲ್ಲ' ಎಂದು ಬರೆದರೆ ವರದಿಯೇ ಬಿದ್ದುಹೋಗುತ್ತದೆ. ಹೆಸರಿನ ಜೊತೆ ಪ್ರಮಾಣ, ರೂಪ ಎರಡೂ ಇರಲಿ: ಸಕ್ಕರೆ ಕಾಯಿಲೆಯ ಮೆಟ್‌ಫಾರ್ಮಿನ್ 500 ಮಿ.ಗ್ರಾಂ ಗುಳಿಗೆ, ಬಿಪಿಯ ಅಮ್ಲೊಡಿಪಿನ್ 5 ಮಿ.ಗ್ರಾಂ ಗುಳಿಗೆ, ಝಿಂಕ್ 20 ಮಿ.ಗ್ರಾಂ ಗುಳಿಗೆ, ಓಆರ್‌ಎಸ್ ಪೊಟ್ಟಣ, ಆಕ್ಸಿಟೋಸಿನ್ ಇಂಜೆಕ್ಷನ್, ಹಾವಿನ ವಿಷಕ್ಕೆ ಕೊಡುವ ಎಎಸ್‌ವಿ.

ಕಣ್ಣಿಗೆ ಕಂಡದ್ದೇ ಲೆಕ್ಕ. "ನಾಳೆ ಬರ್ತದ್ರಿ" ಎಂದರೆ ಅವತ್ತಿನ ಮಟ್ಟಿಗೆ ಇಲ್ಲ ಎಂದೇ ಬರೆಯಿರಿ. ಎಕ್ಸ್‌ಪೈರಿ ದಾಟಿದ್ದೂ ಇಲ್ಲದ್ದೇ. ಆಕ್ಸಿಟೋಸಿನ್ 2ರಿಂದ 8 ಡಿಗ್ರಿಯಲ್ಲಿರಬೇಕು. ರಾಯಚೂರಿನ ಏಪ್ರಿಲ್ ಬಿಸಿಲಲ್ಲಿ ಮೇಜಿನ ಮೇಲಿಟ್ಟ ಆಂಪೂಲ್ ಬಾಣಂತಿಯ ರಕ್ತಸ್ರಾವ ನಿಲ್ಲಿಸುವ ಶಕ್ತಿಯನ್ನೇ ಕಳೆದುಕೊಳ್ಳಬಹುದು. ಫ್ರಿಜ್ಜಿನ ಥರ್ಮಾಮೀಟರ್ ಓದಿ, ಕರೆಂಟ್ ಹೋದಾಗ ಏನು ಮಾಡುತ್ತಾರೆ ಎಂದೂ ಕೇಳಿ. ಎಎಸ್‌ವಿ ಒಂದೆರಡು ವಯಲ್ (ಔಷಧಿಯ ಪುಟ್ಟ ಸೀಸೆ) ಇದ್ದರೆ 'ಇದೆ' ಎನ್ನುವಂತಿಲ್ಲ, ಮೊದಲ ಡೋಸಿಗೇ 8ರಿಂದ 10 ವಯಲ್ ಬೇಕು. ಗದ್ದೆ ಸೀಮೆಯಲ್ಲಿ ಹತ್ತಕ್ಕಿಂತ ಕಡಿಮೆ ಇದ್ದರೆ 'ಸಾಲದು' ಎಂದು ಬೇರೆಯೇ ಗುರುತಿಸಿ.

ಇನ್ನು ಸ್ಟಾಕ್ ರಿಜಿಸ್ಟರ್. ಔಷಧಿ ಮತ್ತೆ ಮತ್ತೆ ಖಾಲಿಯಾಗುವ ಗುಟ್ಟು ಬಹಳ ಸಲ ಇಲ್ಲೇ ಇರುತ್ತದೆ. ಆರು ತಿಂಗಳಲ್ಲಿ 12,000 ಮೆಟ್‌ಫಾರ್ಮಿನ್ ಹಂಚಿದ್ದಾರೆ ಅನ್ನಿ. ಆರರಿಂದ ಭಾಗಿಸಿದರೆ ತಿಂಗಳಿಗೆ 2,000. ಆದರೆ ಅದರಲ್ಲಿ ಎರಡು ತಿಂಗಳು ಔಷಧಿಯೇ ಇರಲಿಲ್ಲ! ಇದ್ದ ನಾಲ್ಕು ತಿಂಗಳಿಂದ ಭಾಗಿಸಿದರೆ 3,000, ಅದೇ ನಿಜವಾದ ಬೇಡಿಕೆ. 2,000ದ ಲೆಕ್ಕದಲ್ಲಿ ಇಂಡೆಂಟ್ (ಔಷಧಿ ಕೇಳಿ ಮೇಲಕ್ಕೆ ಕಳಿಸುವ ಬೇಡಿಕೆ ಪಟ್ಟಿ) ಹೋದರೆ ಬೇಗ ಮುಗಿಯುತ್ತದೆ, ಮುಂದಿನ ಸಲ ಸರಾಸರಿ ಇನ್ನೂ ಇಳಿಯುತ್ತದೆ. ಮೇಲಿನವರಿಗೆ ಮಾತ್ರ ಬೇಡಿಕೆಯೇ ತಗ್ಗಿದಂತೆ ಕಾಣುತ್ತದೆ. ಹಾಗಾಗಿ ಔಷಧಿ ಶೂನ್ಯಕ್ಕೆ ಬಂದ ತಾರೀಖು, ಮತ್ತೆ ಬಂದ ತಾರೀಖು ಎರಡನ್ನೂ ಬರೆದುಕೊಳ್ಳಿ. ಪಟ್ಟಿಯ ಬೇರೆಲ್ಲ ಕಾಲಂಗಿಂತ ಇದಕ್ಕೇ ಬೆಲೆ ಹೆಚ್ಚು.

ಹೊರಗೆ ಕೊಳ್ಳುವವರ ಹೊರೆ ತಿಳಿಯಲು ಒಂದು ತಿಂಗಳ ಗುಳಿಗೆಯ ಬೆಲೆಯನ್ನು ಊರಿನ ದಿನಗೂಲಿಯಿಂದ ಭಾಗಿಸಿ. ಎಷ್ಟು ದಿನದ ಕೂಲಿ ಎಂಬುದು ಸಿಗುತ್ತದೆ. ಜನೌಷಧಿ ಅಂಗಡಿಯ ಬೆಲೆಯನ್ನೂ ಪಕ್ಕದಲ್ಲಿಡಿ.

ರಿಜಿಸ್ಟರ್ ತೋರಿಸಲು ಒಪ್ಪದಿದ್ದರೆ ಜಗಳ ಬೇಡ, ಫಾರ್ಮಸಿಸ್ಟ್ ಕೈಯಲ್ಲಿ ಖರೀದಿ ಇಲ್ಲ. ಹತ್ತು ರೂಪಾಯಿ ಶುಲ್ಕ ಕಟ್ಟಿ ಮಾಹಿತಿ ಹಕ್ಕಿನಡಿ ಆರು ತಿಂಗಳ ಸ್ಟಾಕ್ ಪುಟಗಳ ನಕಲು ಕೇಳಿ. ಕರ್ನಾಟಕದಲ್ಲಿ ಅರ್ಜಿ 150 ಪದ ದಾಟಬಾರದು, ವಿಷಯ ಒಂದೇ ಇರಬೇಕು.