ಗುಂಡ, ಮದನಿಕೆ ಮತ್ತು ಬೇಸತ್ತ ಅಜ್ಜಿ

ಹಾಸನದ ಒಂದು ವಸ್ತುಪ್ರದರ್ಶನಕ್ಕೆ ನಾನೊಂದು ಮಾತಿನ ಆಟ ಮಾಡಿದ್ದೆ. ಮೇಜಿನ ಮೇಲೆ ಗುಂಡ. ರಾಸ್ಪ್‌ಬೆರಿ ಪೈ ಅನ್ನುವ ಚಿಕ್ಕ ಕಂಪ್ಯೂಟರಿನಲ್ಲಿ ಓಡುವ, ಕತ್ತು ತಿರುಗಿಸುವ ಪುಟ್ಟ ರೋಬೋ. ಪಕ್ಕದ ಟಿವಿಯಲ್ಲಿ ಕನ್ನಡಿ ಹಿಡಿದ ಬೇಲೂರಿನ ಮದನಿಕೆ. ಇಬ್ಬರೂ ಸೇರಿ ಬಂದವರ ಜೊತೆ ಹರಟಬೇಕು.

ಮೊದಲ ದಿನವೇ ಮಾನ ಹೋಯಿತು. "ದೇವಸ್ಥಾನ ಕಟ್ಟಿಸಿದ್ದು ವಿಷ್ಣುವರ್ಧನ, 1117ರಲ್ಲಿ" ಅಂದಳು ಮದನಿಕೆ. ಗುಂಡನ ಮೈಕಿಗೆ ಅದು ಯಾರೋ ಬಂದವರ ಮಾತಿನಂತೆ ಕೇಳಿಸಿತು. ಅವನು ಉತ್ತರ ಕೊಟ್ಟ. ಅದಕ್ಕೆ ಅವಳು, ಮತ್ತೆ ಇವನು. ಎದುರಿಗಿದ್ದ ಅರಸೀಕೆರೆಯ ಅಜ್ಜಿ ಎರಡು ಸಲ ಬಾಯಿ ತೆರೆದು ಮುಚ್ಚಿದರು. "ನೀವ್ ನೀವೇ ಮಾತಾಡ್ಕಳ್ರಪ್ಪ, ನಾನ್ ಬತ್ತೀನಿ" ಅಂತ ಹೊರಟೇಬಿಟ್ಟರು.

ಯಂತ್ರಗಳು ಹರಟುವುದು ಹೊಸದಲ್ಲ. 1972ರಲ್ಲೇ ಅಮೆರಿಕದಲ್ಲಿ ಎಲೈಜಾ, ಪ್ಯಾರಿ ಅನ್ನುವ ಪ್ರೋಗ್ರಾಂಗಳು ಟೈಪ್ ಮಾಡಿಕೊಂಡು ಮಾತಾಡಿದ್ದವು. ನಡುವೆ ಮನುಷ್ಯ ಬಂದರೇ ಕಷ್ಟ.

ಆ ರಾತ್ರಿ ಗುಂಡ, ಮದನಿಕೆ ಯಾರೇ ಮಾತಾಡುವಾಗಲೂ ಇಬ್ಬರ ಮೈಕೂ ಮುಚ್ಚುವ ಹಾಗೆ ಮಾಡಿದೆ. ಸರದಿ ಯಾರದು ಅಂತ ಹೇಳುವ ಕೆಲಸ ಒಂದೇ ಪ್ರೋಗ್ರಾಂಗೆ ಕೊಟ್ಟೆ. ಇದರಿಂದ ಜನ ನಡುವೆ ಬಾಯಿ ಹಾಕಿದರೆ ಕೇಳಿಸುವುದೇ ಇಲ್ಲ. ನಮ್ಮ ಕಡೆ ನಡುವೆ ಬಾಯಿ ಹಾಕದೆ ಯಾರು ಮಾತಾಡುತ್ತಾರೆ ಹೇಳಿ? ಆದರೂ ಒಪ್ಪಿಕೊಂಡೆ.

ಆಮೇಲೆ ತಡದ ಕಾಟ. ಮನುಷ್ಯರ ಮಾತುಕತೆಯಲ್ಲಿ ಒಬ್ಬರು ನಿಲ್ಲಿಸಿ ಇನ್ನೊಬ್ಬರು ಶುರು ಮಾಡುವ ನಡುವೆ ಸಾಮಾನ್ಯವಾಗಿ ಸೆಕೆಂಡಿನ ಐದನೇ ಒಂದು ಭಾಗದಷ್ಟೇ ಬಿಡುವು. ನನ್ನವರಿಗೆ ಎರಡು ಸೆಕೆಂಡು ಬೇಕು. ಕೇಳಿಸಲಿಲ್ಲವೇನೋ ಅಂತ ಜನ ಪ್ರಶ್ನೆಯನ್ನು ಮತ್ತೆ ಕೇಳುತ್ತಿದ್ದರು, ಎಲ್ಲ ಕಲಸಿಹೋಗುತ್ತಿತ್ತು. ಪ್ರಶ್ನೆ ಮುಗಿದ ತಕ್ಷಣ ಗುಂಡ "ಹೂಂ..." ಅಂತ ಮೇಲೆ ನೋಡಲಿ ಅಂತ ಮಾಡಿದೆ. ಜನ ಕಾಯತೊಡಗಿದರು.

ನಿಜವಾಗಿ ತಲೆ ತಿಂದದ್ದು ಕಣ್ಣು. ಮದನಿಕೆ "ನೀವೇನಂತೀರಿ?" ಅಂದರೆ ಮೂರು ಹುಡುಗರು ಒಟ್ಟಿಗೇ ಉತ್ತರ ಕೊಡುತ್ತಿದ್ದರು. ಕ್ಯಾಲೆಂಡರಿನ ದೇವರು ಎಲ್ಲಿ ನಿಂತರೂ ನಮ್ಮನ್ನೇ ನೋಡುತ್ತಾನಲ್ವಾ, ಹಾಗೆ. ಚಪ್ಪಟೆ ಪರದೆಯ ಕಣ್ಣು ಎಲ್ಲರನ್ನೂ ನೋಡುತ್ತದೆ. ಗುಂಡನಿಗೆ ಮೈಯಿದೆ, ಅವನು ಯಾರ ಕಡೆ ತಿರುಗಿದ ಅಂತ ಎಲ್ಲರಿಗೂ ಗೊತ್ತಾಗುತ್ತದೆ. ಹಾಗಾಗಿ ಪ್ರಶ್ನೆ ಅವಳದು, ಕತ್ತು ಇವನದು ಅಂತ ಹಂಚಿದೆ. ಹುಡುಗರು ಸರದಿ ಬರುವವರೆಗೆ ಸುಮ್ನಾದರು.

ಕೊನೆಯ ದಿನ ಗುಂಡ ಅಣ್ಣಂದಿರ ಹಿಂದೆ ನಿಂತಿದ್ದ ಒಬ್ಬ ಪುಟ್ಟಿಯ ಕಡೆ ತಿರುಗಿದ. ಅವಳು ಒಂದು ಹೆಜ್ಜೆ ಮುಂದೆ ಬಂದು, "ಅಕ್ಕಾ, ಆ ಕನ್ನಡಿ ಯಾರು ಕೊಡಿಸಿದ್ದು?" ಅಂದಳು. ಗುಂಡ "ಹೂಂ..." ಅಂತ ಮೇಲೆ ನೋಡಿದ. ಮದನಿಕೆ ಹತ್ತಿರ ಉತ್ತರ ಇರಲಿಲ್ಲ. ನನ್ನ ಹತ್ತಿರವೂ.