ತೋಟದ ಮನೆಯಲ್ಲಿ ಡೆಂಗಿ ಸೊಳ್ಳೆಗೆ ಜಾಗ ಕೊಡದಿರಲು ನಾನು ಮಾಡುವುದಿಷ್ಟು

ಸುಳ್ಯ, ಪುತ್ತೂರು ಕಡೆಯ ಅಡಿಕೆ ತೋಟಗಳಲ್ಲಿ ಡೆಂಗಿಯನ್ನು ಪೇಟೆಯ ಕಾಯಿಲೆ ಎಂದು ಬಿಡುವ ಹಾಗಿಲ್ಲ. ಸೆಖೆ ಏರಿದಷ್ಟೂ ಸೊಳ್ಳೆ ಬೇಗ ಬೆಳೆಯುತ್ತದೆ, ಅದರ ಮೈಯೊಳಗೆ ವೈರಸ್ ಕೂಡ ಬೇಗ ಹೆಚ್ಚುತ್ತದೆ. ಮೇ ತಿಂಗಳಲ್ಲಿ ಒಂದು ಮಳೆ ಸುರಿದು ವಾರವಿಡೀ ಬಿಸಿಲು ಕಾದರೆ ಅದಕ್ಕೆ ಹೇಳಿಮಾಡಿಸಿದ ಹವೆ. ಎಡೆಬಿಡದೆ ಜಡಿಮಳೆ ಹೊಡೆದರೆ ಲಾರ್ವಾ (ನೀರಿನಲ್ಲಿರುವ ಸೊಳ್ಳೆಮರಿ) ಕೊಚ್ಚಿಹೋಗುವುದೂ ಉಂಟು. ಮಳೆ ಬಿಟ್ಟು ಬಿಟ್ಟು ಬರುವ ದಿನಗಳಲ್ಲೇ ಜಾಗ್ರತೆ ಬೇಕು.

ಮೊಟ್ಟೆ ಸೊಳ್ಳೆಯಾಗಲು ಈ ಸೆಖೆಯಲ್ಲಿ 8ರಿಂದ 10 ದಿನ ಸಾಕು. ಅದಕ್ಕೇ ಭಾನುವಾರ ಬೆಳಿಗ್ಗೆ ನಿಂತ ನೀರು ತೆಗೆಯುವ ಕೆಲಸಕ್ಕೆ ಮೀಸಲು. ಬರೇ ನೀರು ಚೆಲ್ಲಿದರೆ ಪ್ರಯೋಜನ ಅರ್ಧ ಮಾತ್ರ. ಡೆಂಗಿ ಹರಡುವ ಈಡಿಸ್ ಸೊಳ್ಳೆ ನೀರಿನ ಮಟ್ಟಕ್ಕಿಂತ ತುಸು ಮೇಲೆ, ಪಾತ್ರೆಯ ಒದ್ದೆ ಅಂಚಿಗೆ ಮೊಟ್ಟೆ ಅಂಟಿಸುತ್ತದೆ. ಕರಿ ಚುಕ್ಕೆಯಂಥ ಆ ಮೊಟ್ಟೆ ಒಣಗಿದ ಮೇಲೂ ತಿಂಗಳುಗಟ್ಟಲೆ ಜೀವ ಹಿಡಿದಿರುತ್ತದೆ, ಮತ್ತೆ ನೀರು ಮುಟ್ಟಿದರೆ ಒಡೆಯುತ್ತದೆ. ತೆಂಗಿನ ನಾರಿನಿಂದ ಒಳಬದಿಯನ್ನು, ಮುಖ್ಯವಾಗಿ ಆ ಅಂಚನ್ನು, ಗಟ್ಟಿಯಾಗಿ ಉಜ್ಜಲೇಬೇಕು. ಉಜ್ಜಿದ ನೀರನ್ನು ಬಿಸಿಲಿನ ಒಣ ನೆಲಕ್ಕೆ ಚೆಲ್ಲುತ್ತೇನೆ; ಚರಂಡಿಗೆ ಹೋದರೆ ಲಾರ್ವಾ ಅಲ್ಲೇ ಬದುಕಿಕೊಳ್ಳುತ್ತದೆ.

ತೋಟದೊಳಗೆ ಕಷ್ಟದ ಕೆಲಸ ಅಡಿಕೆ ಮರದಿಂದ ಬೀಳುವ ಹಾಳೆಯದ್ದು. ಬಿದ್ದ ಹಾಳೆ ದೋಣಿಯಂತೆ ಬಾಗಿ ಒಂದು ಲೋಟದಷ್ಟು ನೀರು ಹಿಡಿದರೂ ಸೊಳ್ಳೆಗೆ ಸಾಕು. ಕವುಚಿ ಹಾಕಿದರೆ ಗಾಳಿಗೋ ದನದ ಕಾಲಿಗೋ ಮತ್ತೆ ಮಗುಚುತ್ತದೆ. ಅದರಿಂದ ಕತ್ತಿಯಲ್ಲಿ ಉದ್ದಕ್ಕೆ ಸೀಳಿಬಿಡುತ್ತೇನೆ. ಊಟದ ತಟ್ಟೆ ಮಾಡಲು ಬೇಕಾದ ಹಾಳೆಯನ್ನು ಅದೇ ದಿನ ಮಾಡಿನಡಿಗೆ ಸಾಗಿಸಬೇಕು. ತೆಂಗಿನ ಗೆರಟೆ, ಟ್ಯಾಪಿಂಗ್ (ಹಾಲು ಇಳಿಸುವುದು) ನಿಲ್ಲಿಸಿದ ರಬ್ಬರ್ ಮರದ ಹಾಲಿನ ಬಟ್ಟಲು ಕವುಚಿಟ್ಟರಾಯಿತು. ಗೊಬ್ಬರದ ಗುಂಡಿಗೆ ಹೊದೆಸಿದ ಟಾರ್ಪಾಲಿನ ಮಡಿಕೆಗಳನ್ನೂ ನೋಡಿ. ಅಡಿಕೆಗೆ ಸಿಂಪಡಿಸುವ ಬೋರ್ಡೋ ದ್ರಾವಣಕ್ಕೆ ಬಳಸುವ ಡ್ರಮ್ಮು ಖಾಲಿ ಇದ್ದಾಗ ಬಾಯಿ ಕೆಳಗಾಗಿರಲಿ.

ನೀರು ತುಂಬಿಡುವ ಡ್ರಮ್ಮಿಗೆ ಬಟ್ಟೆ ಕಟ್ಟಿದರೆ ನಡುವೆ ಜೋತು ನೀರಿಗೆ ತಾಗುತ್ತದೆ, ಆ ಒದ್ದೆ ಬಟ್ಟೆಯ ಮೇಲೂ ಮೊಟ್ಟೆ ಬೀಳಬಹುದು. ನೈಲಾನ್ ಸೊಳ್ಳೆಪರದೆಯ ತುಂಡನ್ನು ಬಿಗಿಯಾಗಿ ಎಳೆದು ಹಳೇ ಸೈಕಲ್ ಟ್ಯೂಬಿನಿಂದ ಬಿಗಿಯುವುದು ಉತ್ತಮ. ಟ್ಯಾಂಕಿನ ಓವರ್‌ಫ್ಲೋ ಪೈಪಿನ ಬಾಯಿಗೂ ಅದೇ ಪರದೆ. ಮನೆಯೊಳಗೆ ಫ್ರಿಜ್ಜಿನ ಹಿಂದಿನ ತಟ್ಟೆ, ಮನಿಪ್ಲಾಂಟ್ ಬಾಟಲಿ ಮರೆತುಹೋಗುವ ಜಾಗಗಳು.

ದನಕ್ಕೆ ನೀರಿಡುವ ಸಿಮೆಂಟು ತೊಟ್ಟಿಗೆ ಗಪ್ಪಿ ಮೀನು ಬಿಡಬಹುದು. ಕೆರೆ, ತೋಡುಗಳಿಗೆ ಖಂಡಿತ ಬಿಡಬೇಡಿ, ಅಲ್ಲಿನ ಮೀನುಗಳಿಗೆ ಅದು ಕಂಟಕ. ಲಾರ್ವಾ ಇದೆಯೇ ಎಂದು ನೋಡುವಾಗ ಮೊಬೈಲ್ ಟಾರ್ಚ್ ಹಿಡಿದು ಒಂದೆರಡು ನಿಮಿಷ ಅಲುಗಾಡದೆ ನಿಲ್ಲಬೇಕು. ನೆರಳು ಬಿದ್ದ ಕೂಡಲೇ ಅವು ತಳಕ್ಕೆ ಇಳಿಯುತ್ತವೆ. ಫಾಗಿಂಗ್ (ಔಷಧದ ಹೊಗೆ ಬಿಡುವುದು) ಹಾರುವ ಸೊಳ್ಳೆಯನ್ನಷ್ಟೇ ಕೊಲ್ಲುತ್ತದೆ, ಅದನ್ನೇ ನಂಬಿ ಕೂರಬಾರದು.

ಮನೆಯಲ್ಲಿ ಯಾರಿಗಾದರೂ ಜ್ವರ ಬಂದರೆ ಮೊದಲ 5 ದಿನ ಹಗಲಲ್ಲೂ ಸೊಳ್ಳೆಪರದೆಯೊಳಗೆ ಮಲಗಿಸಿ. ಈಡಿಸ್ ಕಚ್ಚುವುದು ಹೆಚ್ಚಾಗಿ ಹಗಲಲ್ಲಿ, ರೋಗಿಯ ರಕ್ತದಿಂದಲೇ ಅದಕ್ಕೆ ವೈರಸ್ ಸಿಗುತ್ತದೆ. ಎನ್‌ಎಸ್‌1 ಎಂಬ ಡೆಂಗಿ ಪತ್ತೆಯ ರಕ್ತಪರೀಕ್ಷೆಗೂ ಇದೇ ಸಮಯ. ಆಸ್ಪಿರಿನ್, ಐಬುಪ್ರೊಫೆನ್ ಬೇಡ, ರಕ್ತಸ್ರಾವಕ್ಕೆ ದಾರಿಯಾಗುತ್ತದೆ. ಜ್ವರ ಇಳಿಯುವ ಹೊತ್ತಿಗೆ ಹೊಟ್ಟೆನೋವು, ನಿಲ್ಲದ ವಾಂತಿ, ಒಸಡಿನಲ್ಲಿ ರಕ್ತ ಕಂಡರೆ ಕಾಯದೆ ಆಸ್ಪತ್ರೆಗೆ ಕರೆದೊಯ್ಯಬೇಕು.